ಗ್ರಾಮ ಪಂಚಾಯಿತಿ ದಾಖಲೆಗೆ ಕಿರು ಸೂಪರ್‌ಜೂಮ್ ಕ್ಯಾಮೆರಾ: ಆಯ್ಕೆಯ ಮುನ್ನ ಅರಿಯಬೇಕಾದುದು

(ಶ್ರೀಗಂಧದ ಕಾವಲಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪಂಚಾಯಿತಿಗೆ ಒಂದು ಕ್ಯಾಮೆರಾ ಬೇಕೆಂಬ ವಿಷಯ ಸಭೆಯ ಮುಂದೆ ಬಂದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, ‘ಎಷ್ಟು ಪಟ್ಟು ಜೂಮ್?’ ಎಂಬುದು. ಮೂವತ್ತು ಪಟ್ಟಿಗಿಂತ ನಲವತ್ತು ಮೇಲು, ನಲವತ್ತಕ್ಕಿಂತ ನೂರಿಪ್ಪತ್ತೈದು ಮೇಲು ಎಂಬ ಭಾವನೆ ಸಹಜವಾದುದೇ. ಆದರೆ ಕೆರೆ, ಚರಂಡಿ, ಗ್ರಾಮಸಭೆ, ಗೋಮಾಳ ಇವುಗಳ ಚಿತ್ರ ತೆಗೆಯಬೇಕಾದ ನಮಗೆ ಆ ಅಂಕಿಯು ಬಹುಮಟ್ಟಿಗೆ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರ ಕಾರಣಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

‘ಪಟ್ಟು’ ಎಂಬುದು ಕೇವಲ ಒಂದು ಅನುಪಾತ. ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್740 ಎಚ್‌ಎಸ್ ಮಾದರಿಯ ಮಸೂರವು 24ರಿಂದ 960 ಮಿಲಿಮೀಟರ್‌ವರೆಗೆ ಸಾಗುತ್ತದೆ. 960ನ್ನು 24ರಿಂದ ಭಾಗಿಸಿದರೆ 40. ಸೋನಿ ಎಚ್‌ಎಕ್ಸ್99 ಮತ್ತು ಪ್ಯಾನಸಾನಿಕ್ ಲ್ಯೂಮಿಕ್ಸ್ ಟಿಜೆಡ್95 ಎರಡೂ 24ರಿಂದ 720ರವರೆಗೆ ಹೋಗುವುದರಿಂದ 30 ಪಟ್ಟು. ನಿಕಾನ್ ಕೂಲ್‌ಪಿಕ್ಸ್ ಪಿ1000 ಮಾದರಿಯು 3000 ಮಿಲಿಮೀಟರ್ ತಲಪಿ 125 ಪಟ್ಟು ಎನಿಸಿಕೊಂಡಿದೆ. ಇದನ್ನು ನೆಲದ ಅಳತೆಯಲ್ಲಿ ಹೇಳುವುದಾದರೆ, ನೂರು ಮೀಟರ್ ದೂರದಲ್ಲಿ ನಿಂತು 24 ಮಿಲಿಮೀಟರಿನಲ್ಲಿ ತೆಗೆದ ಚಿತ್ರದಲ್ಲಿ ಸುಮಾರು 145ರಿಂದ 150 ಮೀಟರ್ ಅಗಲದ ದೃಶ್ಯ ಅಡಗುತ್ತದೆ. 720ರಲ್ಲಿ ಅದು ಸುಮಾರು 5 ಮೀಟರ್; 960ರಲ್ಲಿ ನಾಲ್ಕಕ್ಕಿಂತ ಕಡಿಮೆ; 3000ದಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು. ಕೆರೆಯ ಆಚೆ ದಡದಲ್ಲಿ ಮಣ್ಣು ಸುರಿಯುತ್ತಿರುವ ಲಾರಿಯೊಂದನ್ನು ದಾಖಲಿಸಲು 5 ಮೀಟರ್ ಅಗಲ ಸಾಕು. ಒಂದು ಮೀಟರಿನ ಕಿಂಡಿಯಲ್ಲಿ ಆ ಲಾರಿ ಯಾವ ಕೆರೆಯ ದಡದಲ್ಲಿದೆ ಎಂಬುದೇ ಕಾಣದಂತಾಗುತ್ತದೆ. ಮೇಲಾಗಿ ಬೇಸಿಗೆಯ ಮಧ್ಯಾಹ್ನ ನೀರಿನ ಮೇಲಿನ ಬಿಸಿಗಾಳಿ ಕಂಪಿಸುವಾಗ ಅಷ್ಟು ದೂರದ ಚಿತ್ರ ಯಾವ ಕ್ಯಾಮೆರಾದಲ್ಲಿಯೂ ಸ್ಪಷ್ಟವಾಗಿ ಮೂಡುವುದಿಲ್ಲ.

ನಮಗೆ ಹೆಚ್ಚಾಗಿ ಬೇಕಾಗುವುದು ಮಸೂರದ ಇನ್ನೊಂದು ತುದಿ. ಇಲ್ಲಿಗೆ ಸಮೀಪದ ರಾಮೋಹಳ್ಳಿಯ ಬಳಿಯಿರುವ ದೊಡ್ಡ ಆಲದ ಮರವನ್ನು ತಾವೆಲ್ಲರೂ ಕಂಡಿದ್ದೀರಿ. ಸುಮಾರು ಮೂರು ಎಕರೆಯಷ್ಟು ಹರಡಿಕೊಂಡಿರುವ ಆ ಮರದ ಮುಂದೆ 40 ಪಟ್ಟು ಜೂಮ್ ಏನು ಮಾಡೀತು? ಚಿತ್ರದೊಳಗೆ ಎಷ್ಟು ಹಿಡಿಸುತ್ತದೆ ಎಂಬುದೇ ಅಲ್ಲಿ ಮುಖ್ಯ. ಕಿರಿದಾದ ಬೀದಿಯಲ್ಲಿ ಹೊಸದಾಗಿ ಹಾಕಿದ ಕಾಂಕ್ರೀಟ್, ಅಂಗನವಾಡಿಯ ಒಳಕೋಣೆ, ಜನ ತುಂಬಿದ ಗ್ರಾಮಸಭೆ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. 24 ಮಿಲಿಮೀಟರಿಗಿಂತ ಹೆಚ್ಚಿನ ಸಂಖ್ಯೆಯಿಂದ ಆರಂಭವಾಗುವ ಮಾದರಿಯನ್ನು ಆರಿಸಬಾರದು. ಕೆಲವು ಮಾದರಿಗಳು 4ಕೆ ವಿಡಿಯೋಗೆ ಬದಲಿಸಿದೊಡನೆ ಚಿತ್ರದ ಅಂಚುಗಳನ್ನು ಕತ್ತರಿಸುತ್ತವೆ. ಫೋಟೋದಲ್ಲಿ ಕಂಡ ಅಗಲ ವಿಡಿಯೋದಲ್ಲಿ ಕಾಣುವುದಿಲ್ಲ. ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿ ನೋಡಬೇಕು.

ಇನ್ನು ಬೆಳಕಿನ ವಿಷಯ. ಕಿಸೆಯಲ್ಲಿ ಹಿಡಿಸುವ 30–40 ಪಟ್ಟಿನ ಕ್ಯಾಮೆರಾಗಳ ಒಳಗಿರುವ ಚಿತ್ರಸಂವೇದಕದ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್ ಮಾತ್ರ, ಒಂದು ಸಣ್ಣ ಹುಣಸೆ ಬೀಜಕ್ಕಿಂತಲೂ ಚಿಕ್ಕದು. ‘ಒಂದು ಇಂಚು’ ಎಂದು ಕರೆಯಲಾಗುವ ಸಂವೇದಕವು (ಹೆಸರು ಹಾಗಿದ್ದರೂ ಅದರ ಯಾವ ಪಾರ್ಶ್ವವೂ ಒಂದು ಇಂಚು ಇಲ್ಲ) ಸುಮಾರು 116 ಚದರ ಮಿಲಿಮೀಟರ್, ಅಂದರೆ ನಾಲ್ಕು ಪಟ್ಟು ದೊಡ್ಡದು. ಸೋನಿ ಆರ್‌ಎಕ್ಸ್100 ಸರಣಿಯ ಏಳನೆಯ ಮಾದರಿ ಹಾಗೂ ಪ್ಯಾನಸಾನಿಕ್ ಟಿಜೆಡ್200 ಈ ವರ್ಗಕ್ಕೆ ಸೇರಿದವು. ಮೊದಲನೆಯದು 200 ಮಿಲಿಮೀಟರಿಗೂ ಎರಡನೆಯದು 360 ಮಿಲಿಮೀಟರಿಗೂ ನಿಂತುಬಿಡುತ್ತವೆ. ಚಿಕ್ಕ ಸಂವೇದಕದ ಜೊತೆಗೆ ಇನ್ನೊಂದು ತೊಡಕಿದೆ. ಎಸ್‌ಎಕ್ಸ್740ರ ಮಸೂರದ ದ್ವಾರವು ಅಗಲ ತುದಿಯಲ್ಲಿ ಎಫ್ 3.3 ಇದ್ದು, ಜೂಮ್ ಪೂರ್ತಿ ಚಾಚಿದಾಗ ಎಫ್ 6.9ಕ್ಕೆ ಇಳಿಯುತ್ತದೆ, ಒಳಬರುವ ಬೆಳಕು ಕಾಲುಭಾಗಕ್ಕಿಂತ ಕಡಿಮೆಯಾಗುತ್ತದೆ. ಆದುದರಿಂದ ಸಂಜೆ ಸಮುದಾಯ ಭವನದ ಹಿಂದಿನ ಸಾಲಿನಿಂದ ವೇದಿಕೆಯತ್ತ ಜೂಮ್ ಮಾಡಿದರೆ ಮುಖಗಳು ಕಾಳು ಕಾಳಾಗಿ ಮೂಡುತ್ತವೆ. ಅಲುಗಾಟ ತಡೆಯುವ ವ್ಯವಸ್ಥೆ ನಮ್ಮ ಕೈಯ ನಡುಕವನ್ನು ಸರಿಪಡಿಸೀತು. ಎದ್ದು ನಿಂತು ಮಾತನಾಡುವ ಸದಸ್ಯರ ಚಲನೆಯನ್ನು ಅದು ನಿಲ್ಲಿಸಲಾರದು. ಇಂತಹ ಸಂದರ್ಭದಲ್ಲಿ ಎದ್ದು ಹತ್ತು ಹೆಜ್ಜೆ ಮುಂದೆ ಹೋಗುವುದು ಅತ್ಯುತ್ತಮ ಜೂಮ್.

ಹಾಗಾದರೆ ದೂರದ ಜೂಮ್‌ಗೆ ಸ್ಥಾನವೇ ಇಲ್ಲವೇ? ಖಂಡಿತ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೆನೆಯಿರಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲಿಯೇ ಗೂಡು ಕಟ್ಟುವ ಆ ಗ್ರಾಮವನ್ನು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಂತಹ ಕಡೆ ಮರದಡಿಗೆ ಹೋಗಿ ಮರಿಗಳನ್ನು ಬೆದರಿಸದೆ, ದೂರದಿಂದಲೇ ಗೂಡುಗಳನ್ನು ಎಣಿಸಿ ದಾಖಲಿಸಲು 720 ಮಿಲಿಮೀಟರಿನ ಮಸೂರ ಬಹೂಪಯುಕ್ತ. 2002ರ ಜೀವವೈವಿಧ್ಯ ಅಧಿನಿಯಮದಂತೆ ನಮ್ಮ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಗೆ ಇಂತಹ ಚಿತ್ರಗಳು ಸೇರಬೇಕು. ಅದೇ ಮಸೂರ ನೆರೆಯವರ ಅಂಗಳವನ್ನೂ ಇಣುಕಬಲ್ಲದು ಎಂಬ ಎಚ್ಚರವಿರಲಿ. ಕ್ಯಾಮೆರಾ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಲಿಖಿತವಾಗಿ ನಿಗದಿಪಡಿಸುವುದು ಉಚಿತ.

ಮೊಬೈಲ್ ಫೋನ್ ಇರುವಾಗ ಇದೆಲ್ಲ ಏಕೆ ಎಂದು ಕೇಳಬಹುದು. ಉದ್ಯೋಗ ಖಾತರಿ ಕಾಮಗಾರಿಗಳಿಗೆ 2023ರ ಜನವರಿ 1ರಿಂದ ಎನ್‌ಎಂಎಂಎಸ್ ತಂತ್ರಾಂಶದ ಮೂಲಕ ದಿನಕ್ಕೆ ಎರಡು ಬಾರಿ ಸ್ಥಳ ಹಾಗೂ ಸಮಯದ ಮುದ್ರೆಯುಳ್ಳ ಹಾಜರಾತಿ ಚಿತ್ರ ಕಡ್ಡಾಯವಾಯಿತು. ಆ ಕೆಲಸ ಫೋನಿನದೇ, ಕ್ಯಾಮೆರಾ ಅದನ್ನು ಮಾಡಲಾರದು. ಆದರೆ 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದು, ಸಂಬಂಧವಿಲ್ಲದ ಚಿತ್ರಗಳೂ ಚಿತ್ರದಿಂದ ತೆಗೆದ ಚಿತ್ರಗಳೂ ಸೇರುತ್ತಿರುವುದನ್ನು ಎತ್ತಿ ತೋರಿಸಿತು. ಮುದ್ರೆಯೊಂದೇ ಸತ್ಯವನ್ನು ಖಾತರಿಪಡಿಸುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕಾಮಗಾರಿಯ ಮೊದಲು, ನಡುವೆ, ಕೊನೆಗೆ ಒಂದೇ ಜಾಗದಲ್ಲಿ ನಿಂತು, ಒಂದೇ 24 ಮಿಲಿಮೀಟರಿನಲ್ಲಿ ತೆಗೆದ ಮೂರು ಚಿತ್ರಗಳು ಒಂದನ್ನೊಂದು ಸಮರ್ಥಿಸುತ್ತವೆ. ಪಂಚಾಯಿತಿಗೆ ಸ್ವಂತ ಕ್ಯಾಮೆರಾ ಬೇಕಾಗುವುದು ಇದಕ್ಕಾಗಿ. ಸಿಬ್ಬಂದಿ ವರ್ಗಾವಣೆಯಾದರೂ ಚಿತ್ರಗಳು ಕಚೇರಿಯಲ್ಲಿಯೇ ಉಳಿಯುತ್ತವೆ.

ನಾವು ಸೇರಿರುವ ಈ ಊರಿನ ಹೆಸರಿನಲ್ಲಿಯೇ ‘ಕಾವಲ್’ ಇದೆ. ಮೇವಿಗಾಗಿ ಕಾಯ್ದಿರಿಸಿದ ನೆಲವೆಂದು ಅದರರ್ಥ. ಇಂದು ಸುತ್ತಲೂ ಮನೆಗಳ ಸಾಲು. ತಮ್ಮ ಗ್ರಾಮಗಳ ಗೋಮಾಳ, ಕೆರೆಯಂಗಳ, ಗುಂಡುತೋಪುಗಳು ಇಂದು ಹೇಗಿವೆ ಎಂದು ತೋರಿಸುವ, ದಿನಾಂಕವುಳ್ಳ ಒಂದಾದರೂ ಚಿತ್ರ ಪಂಚಾಯಿತಿಯ ಕಪಾಟಿನಲ್ಲಿದೆಯೇ? ಒತ್ತುವರಿಯ ವ್ಯಾಜ್ಯ ಎದ್ದ ದಿನ ಆ ಚಿತ್ರಕ್ಕಾಗಿ ಹುಡುಕಾಟ ಆರಂಭಿಸಿದರೆ ಪ್ರಯೋಜನವಿಲ್ಲ.

ಅಂತಹ ದಿನ ಚಿತ್ರವು ಸಾಕ್ಷ್ಯವಾಗಬೇಕಾದರೆ ಅದರ ಗಡಿಯಾರ ಸರಿಯಿರಬೇಕು. ಮಹಾರಾಷ್ಟ್ರದ ಜಾಲ್ನಾ ವಿಧಾನಸಭಾ ಕ್ಷೇತ್ರದ 2014ರ ಚುನಾವಣೆಯಲ್ಲಿ ನಾಮಪತ್ರ ಮಧ್ಯಾಹ್ನ 3 ಗಂಟೆಯೊಳಗೆ ಸಲ್ಲಿಕೆಯಾಯಿತೇ ಎಂಬ ತಕರಾರು ಚುನಾವಣಾಧಿಕಾರಿ ಕಚೇರಿಯ ವಿಡಿಯೋದ ಮೇಲೆ ನಿಂತಿತು. ಅದಕ್ಕೆ ಬೇಕಾದ ಪ್ರಮಾಣಪತ್ರದ ಪ್ರಶ್ನೆ ಸುಪ್ರೀಂ ಕೋರ್ಟ್ ತಲಪಿ, 2020ರ ಜುಲೈ 14ರಂದು ತೀರ್ಪಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣವೂ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಬ್ಯಾಟರಿ ಪೂರ್ತಿ ಖಾಲಿಯಾಗಿ ಬಹುಕಾಲ ಬಿದ್ದಿದ್ದ ಕ್ಯಾಮೆರಾ ತನ್ನ ದಿನಾಂಕವನ್ನೇ ಮರೆಯುತ್ತದೆ. ಪ್ರತಿ ಸಲವೂ ಮೊದಲು ದಿನಾಂಕ ನೋಡಿ, ಅನಂತರ ಚಿತ್ರ ತೆಗೆಯಿರಿ.

ವಿಡಿಯೋ ಬಗ್ಗೆ ಎರಡು ಮಾತು. ಉದ್ಯೋಗ ಖಾತರಿಯ 2011ರ ಲೆಕ್ಕಪರಿಶೋಧನಾ ನಿಯಮಗಳು ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯ ಇಡೀ ಕಲಾಪವನ್ನು ವಿಡಿಯೋ ಮಾಡಿ, ಕತ್ತರಿಸದೆ ಜಾಲತಾಣಕ್ಕೆ ಏರಿಸಬೇಕೆಂದು ವಿಧಿಸಿದವು. ಆದರೆ ಅನೇಕ ಕಿರು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಂತುಬಿಡುತ್ತವೆ. ಗಮನಿಸದಿದ್ದರೆ, ತಕರಾರಿನ ಮಾತು ನಡೆದ ಹೊತ್ತೇ ದಾಖಲೆಯಲ್ಲಿ ಇಲ್ಲವಾಗುತ್ತದೆ. ಬೇಕೆಂದೇ ಕತ್ತರಿಸಿದರೆಂಬ ಆರೋಪಕ್ಕೂ ದಾರಿಯಾಗುತ್ತದೆ. ಜೊತೆಗೆ ಎಸ್‌ಎಕ್ಸ್740 ಹಾಗೂ ಎಚ್‌ಎಕ್ಸ್99 ಎರಡರಲ್ಲಿಯೂ ಹೊರಗಿನ ಮೈಕ್ ಜೋಡಿಸುವ ಅವಕಾಶವಿಲ್ಲ. ಪಿ1000ದಲ್ಲಿ ಇದೆ, ಆದರೆ ಅದರ ತೂಕ 1,400 ಗ್ರಾಂ ಮೀರುತ್ತದೆ. ಹಿಂದಿನ ಸಾಲಿನ ಮಹಿಳೆಯ ಅಹವಾಲು ಕೇಳಿಸದ ವಿಡಿಯೋ ಎಷ್ಟು ಸ್ಪಷ್ಟವಾಗಿದ್ದರೇನು? 4ಕೆ ಗುಣಮಟ್ಟದ ಆಸೆಯೂ ಇಲ್ಲಿ ಬೇಡ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಒಂದು ಗಂಟೆಗೆ 45 ಗಿಗಾಬೈಟ್ ಜಾಗ ಹೋಗುತ್ತದೆ. ಸಭೆಗೆ ಫುಲ್ ಎಚ್‌ಡಿ ಸಾಕು. ಉಳಿದ ಹಣದಲ್ಲಿ ಮೂರು ಕಾಲಿನ ಸ್ಟ್ಯಾಂಡ್, ಪ್ರತ್ಯೇಕ ಧ್ವನಿಮುದ್ರಕ, ಎರಡನೆಯ ಬ್ಯಾಟರಿ ಕೊಳ್ಳಬಹುದು.

ಒಂದೇ ಕ್ಯಾಮೆರಾ ಕೊಳ್ಳಲು ಸಾಧ್ಯವಿರುವ ಪಂಚಾಯಿತಿಗೆ ನನ್ನ ಸಲಹೆ: 24 ಮಿಲಿಮೀಟರಿನಿಂದ ಆರಂಭವಾಗುವ, 30 ಪಟ್ಟಿನ, ಕಣ್ಣಿಗೊತ್ತಿ ನೋಡುವ ಇಣುಕುಗಾಜು ಇರುವ ಕಿರು ಮಾದರಿ. ಎಚ್‌ಎಕ್ಸ್99, ಟಿಜೆಡ್95ಗಳಲ್ಲಿ ಇಣುಕುಗಾಜು ಇದೆ, ಎಸ್‌ಎಕ್ಸ್740ರಲ್ಲಿ ಇಲ್ಲ. ಕೆರೆಯ ಏರಿಯ ಮೇಲೆ ಬಿಸಿಲಿನಲ್ಲಿ ಹಿಂಬದಿಯ ಪರದೆ ಕಾಣುವುದಿಲ್ಲವಾದ್ದರಿಂದ, ಹತ್ತು ಪಟ್ಟು ಹೆಚ್ಚಿನ ಜೂಮ್‌ಗಿಂತ ಈ ಗಾಜು ನಮಗೆ ಹೆಚ್ಚು ಬೆಲೆಯುಳ್ಳದ್ದು. ಸಭೆಗಳ ದಾಖಲೆಯೇ ಮುಖ್ಯವೆನ್ನುವವರು ಒಂದು ಇಂಚಿನ ಸಂವೇದಕದ ಕಡೆ ನೋಡಲಿ. ಇವುಗಳಲ್ಲಿ ಬಹುಪಾಲು 2018–19ರ ಮಾದರಿಗಳಾದುದರಿಂದ ಹೊಸ ಸರಕು, ಖಾತರಿ, ದುರಸ್ತಿ ಸೌಲಭ್ಯಗಳನ್ನು ಮೊದಲೇ ವಿಚಾರಿಸಬೇಕು. ಚಾಚಿ ಮಡಚುವ ಮಸೂರಗಳು ಧೂಳನ್ನು ಒಳಗೆ ಎಳೆದುಕೊಳ್ಳುತ್ತವೆ. ಅದನ್ನು ನಾವೇ ಶುಚಿಗೊಳಿಸಲಾಗದು. ಖರೀದಿ ಟಿಪ್ಪಣಿಯಲ್ಲಿ ಕಂಪನಿಯ ಹೆಸರು ಬರೆಯದೆ ಅಗಲ ತುದಿ, ಇಣುಕುಗಾಜು, ಸಂವೇದಕದ ಅಳತೆ, ನಿರಂತರ ಮುದ್ರಣದ ಅವಧಿ ಇವನ್ನು ನಮೂದಿಸಿ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಆಶಯಕ್ಕೂ ಅದೇ ಹೊಂದುತ್ತದೆ.

ಕ್ಯಾಮೆರಾ ಬಂದ ದಿನವೇ ಆಸ್ತಿ ವಹಿಯಲ್ಲಿ ಅದರ ಕ್ರಮಸಂಖ್ಯೆ ನಮೂದಾಗಲಿ. ಚಿತ್ರಗಳನ್ನು ತಿಂಗಳಿಗೊಮ್ಮೆ ಎರಡು ಪ್ರತ್ಯೇಕ ಡಿಸ್ಕ್‌ಗಳಿಗೆ ನಕಲು ಮಾಡಿ, ಮೂಲ ಕಡತವನ್ನು ತಿದ್ದದೆ ಇರಿಸಿ, ಸ್ಥಳ, ದಿನಾಂಕ, ತೆಗೆದವರ ಹೆಸರುಗಳನ್ನು ವಹಿಯಲ್ಲಿ ಬರೆದಿಡಬೇಕು. ಈಗ ತಮ್ಮ ಪ್ರಶ್ನೆಗಳಿಗೆ ಅವಕಾಶವಿದೆ.