ಬೆಲೆಯ ಗ್ರಾಫ್ ತೋರಿಸಿದಾಗ ಏನು ಕೇಳಬೇಕು?

(ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಹಿಂದೆ ಅಧಿಕಾರಿಗಳು ಸಭೆಗೆ ಬರುವಾಗ ಫೈಲು ತರುತ್ತಿದ್ದರು. ಈಗ ಪರದೆ ತರುತ್ತಾರೆ. ದೀಪ ಆರಿಸಿ, ಬಣ್ಣದ ಗೆರೆಯೊಂದು ಮೇಲಕ್ಕೆ ಏರುವುದನ್ನು ತೋರಿಸಿ, "ನೋಡಿ, ನಿಮ್ಮ ರಾಗಿಯ ಬೆಂಬಲ ಬೆಲೆ ಎಲ್ಲಿಗೆ ಹೋಗಿದೆ" ಅಂತಾರೆ. ನಾವು ಸುಮ್ಮನಾಗ್ತೀವಿ. ಅಧಿಕಾರಿ ಜೊತೆ ಜಗಳ ಆಡಿ ಗೊತ್ತು, ಗೆರೆಯ ಜೊತೆ ಆಡಿ ಗೊತ್ತಿಲ್ಲ.

ಅಂಕಿಗಳನ್ನು ಗೆರೆ, ಕಂಬಗಳಾಗಿ ಬರೆಯುವ ಪದ್ಧತಿ ಹೊಸದಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲೇ ದೇಶದ ವ್ಯಾಪಾರದ ಲೆಕ್ಕವನ್ನು ಹೀಗೆ ಬರೆದು ಪುಸ್ತಕ ಮಾಡಿದ. ನೆಪೋಲಿಯನ್ ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಗೋಧಿ ಬೆಲೆ ಕುಸಿದು ರೈತರು ಕಂಗಾಲಾಗಿದ್ದಾಗ, 1821ರಲ್ಲಿ, ಬೇಸಾಯದ ಸಂಕಷ್ಟದ ಮೇಲೆಯೇ ಒಂದು ಪತ್ರ ಪ್ರಕಟಿಸಿದ. ಅದರಲ್ಲಿ 1565ರಿಂದ ಅಲ್ಲಿಯವರೆಗಿನ ಗೋಧಿ ಬೆಲೆ ಕಂಬಗಳಾಗಿ, ಕುಶಲ ಕೆಲಸಗಾರನ ವಾರದ ಕೂಲಿ ಒಂದು ಗೆರೆಯಾಗಿ ನಿಂತಿದ್ದವು. ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಅಗ್ಗವಾಗಿರಲಿಲ್ಲ ಎಂಬುದು ಅವನ ವಾದ. ಆದರೆ ಚಿತ್ರದಲ್ಲಿ ಕಣ್ಣು ಹೋಗೋದು ಎತ್ತರದ ಕಂಬಗಳ ಕಡೆಗೆ. ಕೂಲಿಯ ಗೆರೆ ಕೆಳಗೆ ತೆವಳುತ್ತೆ. ಒಂದು ಅಳತೆ ಗೋಧಿ ಕೊಳ್ಳಲು ಎಷ್ಟು ವಾರ ದುಡಿಯಬೇಕಿತ್ತು ಎಂದು ಭಾಗಿಸಿ, ನಮ್ಮ ಕಾಲದ ವಿದ್ವಾಂಸರು ಅದನ್ನು ಮತ್ತೆ ಬರೆದಾಗಲೇ ಅವನ ಮಾತು ಎದ್ದು ಕಂಡದ್ದು. ಅಂಕಿ ಅವೇ, ಚಿತ್ರ ಬೇರೆ.

ಅವತ್ತಿನ ಓದುಗನ ಕೈಲಿದ್ದದ್ದು ಅಚ್ಚಾದ ಹಾಳೆ, ಕೊಟ್ಟಿದ್ದನ್ನು ನೋಡಬೇಕು ಅಷ್ಟೆ. ಈಗ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ನೋಡುವವನೇ ಚಿತ್ರ ಬದಲಿಸಬಹುದು. ವರ್ಷವನ್ನು ಹಿಂದಕ್ಕೆ ಎಳೆಯಬಹುದು, ಒಂದೇ ಮಾರುಕಟ್ಟೆ ಆರಿಸಬಹುದು, ಚುಕ್ಕೆ ಮುಟ್ಟಿ ಆ ದಿನದ ಧಾರಣೆ ತೆಗೆಯಬಹುದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ 1996ರಲ್ಲಿ ಇದಕ್ಕೊಂದು ಕ್ರಮ ಹೇಳಿದರು. ಮೊದಲು ಇಡೀ ನೋಟ, ಆಮೇಲೆ ಹತ್ತಿರ ಹೋಗಿ ಬೇಡದ್ದನ್ನು ಸೋಸುವುದು, ಕೇಳಿದಾಗ ವಿವರ. ಹೊಲ ಕೊಳ್ಳೋಕೆ ಹೋದವನು ಮಾಡೋದೂ ಇದನ್ನೇ ತಾನೆ? ಬದುವಿನ ಮೇಲೆ ನಿಂತು ಪೂರ್ತಿ ನೋಡ್ತಾನೆ, ಒಳಗಿಳಿದು ಮಣ್ಣು ಹಿಡೀತಾನೆ, ಆಮೇಲೆ ಪಹಣಿ ಕೇಳ್ತಾನೆ. ಪಹಣಿ ನೋಡದೆ ದುಡ್ಡು ಎಣಿಸುವವನು ನಿಮ್ಮಲ್ಲಿ ಯಾರಿದ್ದೀರಿ?

ರಾಗಿಯನ್ನೇ ತಗೊಳ್ಳಿ. ಕ್ವಿಂಟಲಿಗೆ ಬೆಂಬಲ ಬೆಲೆ 2020-21ರಲ್ಲಿ 3,295 ರೂ., 2021-22ರಲ್ಲಿ 3,377 ರೂ. ಹೆಚ್ಚಾದದ್ದು 82 ರೂ., ನೂರಕ್ಕೆ ಎರಡೂವರೆ. ಗ್ರಾಫಿನ ಬುಡ ಸೊನ್ನೆಯಿಂದ ಶುರುವಾದರೆ ಎರಡು ಕಂಬವೂ ಹೆಚ್ಚುಕಡಿಮೆ ಒಂದೇ ಎತ್ತರ. ಬುಡವನ್ನು 3,280ಕ್ಕೆ ಎತ್ತಿಬಿಟ್ಟರೆ ಎರಡನೆಯದು ಮೊದಲನೆಯದರ ಆರು ಪಟ್ಟಿಗಿಂತ ಎತ್ತರ! ಒಂದು ಅಂಕಿಯೂ ಸುಳ್ಳಲ್ಲ.

ಶುರುವಿನ ವರ್ಷದ್ದೂ ಇದೇ ಕಥೆ. 2017-18ರಲ್ಲಿ 1,900 ಇದ್ದದ್ದು ಮರುವರ್ಷ 2,897 ಆಯಿತು. ಏರಿಕೆ ತೋರಿಸಬೇಕಾದವನು 1,900ರಿಂದ ಹೊರಡ್ತಾನೆ. ಅನ್ಯಾಯ ತೋರಿಸಬೇಕಾದ ನಾವು 2,897ರಿಂದ ಹೊರಟು, ಮೂರು ವರ್ಷಕ್ಕೆ ಬರೀ 480 ರೂ. ಅಂತ 2021-22ಕ್ಕೇ ನಿಲ್ಲಿಸ್ತೀವಿ. 2025-26ಕ್ಕೆ 4,886 ಆದದ್ದನ್ನು ಹೇಳೋದಿಲ್ಲ. ನಾನೇ ಬರೆದ ಕರಪತ್ರವೊಂದರಲ್ಲಿ ಹೀಗೆ ಮಾಡಿದ್ದೆ. ಎದುರಿನವರು ಪೂರ್ತಿ ಪಟ್ಟಿ ಓದಿದಾಗ ತುಂಬಿದ ಸಭೆಯಲ್ಲಿ ತಲೆ ತಗ್ಗಿಸಬೇಕಾಯಿತು.

ಇನ್ನು ಖರ್ಚಿನ ಗೆರೆ. ಅಸಲು ಜಗಳ ಇರೋದೇ ಇಲ್ಲಿ. 2025-26ರ ಲೆಕ್ಕದಲ್ಲಿ ಒಂದು ಕ್ವಿಂಟಲ್ ರಾಗಿಯ ಉತ್ಪಾದನಾ ವೆಚ್ಚ 3,257 ರೂ. ಅದರ ಒಂದೂವರೆ ಪಟ್ಟು ಬೆಲೆ ಕೊಟ್ಟಿದ್ದೇವೆ ಅಂತಾರೆ. ಗುಣಿಸಿದರೆ ಸರಿಯಾಗೇ ಇದೆ. ಆದರೆ ಆ ವೆಚ್ಚದಲ್ಲಿ ಸೇರಿರೋದು ಕೈಯಿಂದ ಹಾಕಿದ ಖರ್ಚು ಮತ್ತು ಮನೆಮಂದಿಯ ದುಡಿಮೆ. ನಮ್ಮ ಸ್ವಂತ ಜಮೀನಿನ ಗೇಣಿ, ನಾವು ಹೂಡಿದ ಬಂಡವಾಳದ ಬಡ್ಡಿ ಸೇರೋದು ಸಿ2 ಎಂಬ ಇನ್ನೊಂದು ಲೆಕ್ಕದಲ್ಲಿ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗದ ವರದಿಯಲ್ಲಿ ಆ ಲೆಕ್ಕವೂ ಅಚ್ಚಾಗುತ್ತೆ. ಪರದೆಯ ಮೇಲೆ ಮಾತ್ರ ಬರೋದಿಲ್ಲ. ಒಳಗೆ ಹಾಕದ ಗೆರೆಯನ್ನು ಎಷ್ಟು ತಿರುಗಿಸಿದರೂ ಹೊರಗೆ ತೆಗೆಯೋಕಾಗಲ್ಲ, ಸ್ವಾಮಿ.

ಬೆಂಬಲ ಬೆಲೆಯೇ ನಮ್ಮ ಕೈಗೆ ಬಂದ ಬೆಲೆಯೂ ಅಲ್ಲ. ಮಾರುಕಟ್ಟೆಯ ಧಾರಣೆ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಲ್ಲಿ ಸಿಗುತ್ತೆ.

ಆದ್ದರಿಂದ ಮುಂದಿನ ಸಭೆಯಲ್ಲಿ ದೀಪ ಆರಿಸುವ ಮೊದಲೇ ಎದ್ದು ನಿಲ್ಲಿ. ಬುಡವನ್ನು ಸೊನ್ನೆಗೆ ಇಳಿಸಿ, ಹತ್ತು ವರ್ಷ ಹಿಂದಕ್ಕೆ ಹೋಗಿ, ಸಿ2 ಗೆರೆ ಹಾಕಿ, ನಮ್ಮ ಮಾರುಕಟ್ಟೆಯ ಧಾರಣೆಯನ್ನು ಪಕ್ಕಕ್ಕೆ ಇಡಿ ಅಂತ ಕೇಳಿ. ಆಗೋದಿಲ್ಲ ಅಂದರೆ ಮೌಸನ್ನು ನಮ್ಮ ಹುಡುಗನ ಕೈಗೆ ಕೊಡಿ ಅನ್ನಿ. ಪಿಯುಸಿ ಓದುವ ಹುಡುಗರು ನಮ್ಮೂರಲ್ಲೂ ಇದ್ದಾರೆ.