ಟ್ಯಾಂಕಿನಲ್ಲಿ ಉಳಿಯಬೇಕಾದ ಅರ್ಧ ಗಂಟೆ

ಸಣ್ಣ ವಿಮಾನಗಳ ಇಂಧನ ಲೆಕ್ಕದ ಚರಿತ್ರೆಯಲ್ಲಿ ಬಳ್ಳಾರಿಗೊಂದು ಪುಟವಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೊತ್ತು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ, ನಾಲ್ಕು ಗ್ಯಾಲನ್ನಿನ ಡಬ್ಬಗಳಲ್ಲಿ. ಮುಂಬಯಿಯಿಂದ ಆಚೆಗೆ ಟಪಾಲು ಒಯ್ದವರು ಪೈಲಟ್ ನೆವಿಲ್ ವಿನ್ಸೆಂಟ್. ಮದ್ರಾಸು ಅಲ್ಲಿಂದ ಸಾವಿರ ಕಿಲೋಮೀಟರ್ ದೂರ. ಒಂಟಿ ಎಂಜಿನ್ನಿನ ಪುಟ್ಟ ವಿಮಾನ ಇಂಧನಕ್ಕಾಗಿ ನಡುವೆ ಎಲ್ಲಾದರೂ ಇಳಿಯಲೇಬೇಕು. ವಿನ್ಸೆಂಟ್ ಬಳ್ಳಾರಿಯಲ್ಲಿ ಇಳಿದು ರಾತ್ರಿ ತಂಗಿದರು, ಮರುದಿನ ಮದ್ರಾಸು ಮುಟ್ಟಿದರು. ಟಾಟಾ ಹೆಸರು ಮನೆಮಾತಾಯಿತು. ವಿನ್ಸೆಂಟರನ್ನು, ಬಳ್ಳಾರಿಯ ಆ ರಾತ್ರಿಯನ್ನು ನೆನೆಯುವವರಿಲ್ಲದೇ ಹೋದದ್ದು ದುಃಖದ ಸಂಗತಿ.

ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಬಂತು. 1958ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ಕಟ್ಟಿದ ಪುಷ್ಪಕ್ ಎಂಬ ಪುಟ್ಟ ವಿಮಾನ ಹಾರಿತು. ಆಮೇಲೆ ಸೆಸ್ನಾ ವಿಮಾನಗಳು ಬಂದವು.

ಈ ನಡುವೆ ಜಗತ್ತಿನ ವಿಮಾನಯಾನ ಒಂದು ನಿಯಮಕ್ಕೆ ಬಂದು ನಿಂತಿತು. ಕಣ್ಣಳತೆಯಲ್ಲಿ ದಾರಿ ನೋಡಿ ಹಾರುವ ಸಣ್ಣ ವಿಮಾನ ಗುರಿ ಮುಟ್ಟಿದ ಮೇಲೂ ಹಗಲಾದರೆ 30 ನಿಮಿಷ, ರಾತ್ರಿಯಾದರೆ 45 ನಿಮಿಷ ಹಾರುವಷ್ಟು ಇಂಧನ ಉಳಿಸಿಕೊಂಡಿರಬೇಕು. ಅಳತೆ ಲೀಟರಿನಲ್ಲಲ್ಲ, ಸಮಯದಲ್ಲಿ. ಇದೇ ಇದರ ಜಾಣತನ.

ಲೆಕ್ಕ ಹೀಗೆ. ಜಕ್ಕೂರಿನಿಂದ ಮೈಸೂರು ಸೆಸ್ನಾ 172ಕ್ಕೆ ಮುಕ್ಕಾಲು ಗಂಟೆಯ ದಾರಿ. ಗಂಟೆಗೆ 34 ಲೀಟರ್ ಎಂದುಕೊಂಡರೆ ಹೋಗಲು 26, ಮೈಸೂರಿನಲ್ಲಿ ಇಳಿಯಲಾಗದಿದ್ದರೆ ಹಿಂತಿರುಗಲು ಮತ್ತೆ 26, ಎಂಜಿನ್ ಚಾಲೂ ಮಾಡಿ ಮೇಲೇರಲು ಐದು, ಮುಟ್ಟಬಾರದ ಅರ್ಧ ಗಂಟೆಗೆ 17. ಒಟ್ಟು 74 ಲೀಟರ್. ಮಳೆಗಾಲದ ನೈಋತ್ಯ ಗಾಳಿ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಎದುರು ಬೀಸಿದರೆ ಹೋಗುವ ದಾರಿಗೇ ಇನ್ನೂ ಆರು ಲೀಟರ್ ಬೇಕು. ಟ್ಯಾಂಕಿನ ತಳದ ಒಂದಿಷ್ಟು ಇಂಧನ ಎಂಜಿನ್ನಿಗೆ ಎಟುಕುವುದೇ ಇಲ್ಲ. ಅದನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ.

ಮೀಟರಿನ ಮುಳ್ಳನ್ನಷ್ಟೇ ನಂಬಿ ಒಳ್ಳೆಯ ಪೈಲಟ್ ಹೊರಡುವುದಿಲ್ಲ. ರೆಕ್ಕೆಯ ಮೇಲಿನ ಮುಚ್ಚಳ ತೆಗೆದು ಅಳತೆಕೋಲು ಅದ್ದುತ್ತಾನೆ. ರೆಕ್ಕೆಯಡಿಯಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಳಿಸಿ ನೋಡುತ್ತಾನೆ: ತಿಳಿನೀಲಿ ಇಂಧನದ ಕೆಳಗೆ ಬಣ್ಣವಿಲ್ಲದ ಗುಳ್ಳೆ ಕುಳಿತಿದ್ದರೆ ಅದು ನೀರು.

ಇಷ್ಟೆಲ್ಲ ಆಗಿಯೂ, ಹತ್ತಿರದ ತಕ್ಕ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಆ ಅರ್ಧ ಗಂಟೆಯ ಪಾಲಿಗೂ ಕೈ ಬೀಳುತ್ತದೆ ಎಂದು ಲೆಕ್ಕ ಹೇಳಿದರೆ, ಪೈಲಟ್ ಮೂರು ಸಲ ‘ಮೇಡೇ’ ಎಂಬ ಅಪಾಯದ ಕರೆ ಕೊಟ್ಟು ‘ಫ್ಯೂಯೆಲ್’ ಎನ್ನಬೇಕು. ಎಂಜಿನ್ ನಿಲ್ಲುವವರೆಗೆ ಕಾಯುವುದಕ್ಕೆ ನಿಯಮದಲ್ಲಿ ಜಾಗವಿಲ್ಲ.