ನೀರಲಂಗರು



ಲಂಗರೆಂದರೆ ನೆಲವನ್ನು ಕಚ್ಚಿ ಹಿಡಿಯತಕ್ಕ ಕಬ್ಬಿಣದ ಕೊಕ್ಕೆಯೆಂದೇ ನಾವೆಲ್ಲರೂ ತಿಳಿದಿರುವೆವು. ಆದರೆ ಯಾವ ಹಗ್ಗವೂ ತಳವನ್ನು ಮುಟ್ಟದ ನಡುಗಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ಸಣ್ಣದೊಂದು ಹಾಯಿದೋಣಿ ಏನನ್ನು ಹಿಡಿದು ನಿಲ್ಲಬೇಕು? ನೀರನ್ನೇ ಹಿಡಿದು ನಿಲ್ಲಬೇಕು. ಹಾಗೆ ನೀರನ್ನು ಹಿಡಿಯುವುದಕ್ಕಾಗಿ ನಾವಿಕರು ಬಟ್ಟೆಯ ಚೀಲವೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡುವರು. ಇದನ್ನು ನೀರಲಂಗರೆಂದು ಕರೆಯೋಣ.

ಕಡಲಿಲ್ಲದ ಮೈಸೂರು ಸೀಮೆಯವರಿಗೆ ಈ ವಿಚಾರ ಯಾತಕ್ಕೆ ಎಂದು ಕೇಳುವವರಿರಬಹುದು. ನಂಜನಗೂಡಿನಲ್ಲಿ ಕಪಿಲೆಯುಂಟು, ತಿರುಮಕೂಡಲು ನರಸೀಪುರದಲ್ಲಿ ಅವಳೇ ಕಾವೇರಿಯನ್ನು ಕೂಡುವಳು, ಮೇಲುಗಡೆ, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಹರಡಿಕೊಂಡಿರುವುದು. ಈ ನೀರುಗಳ ಮೇಲೆ ಹರಿಗೋಲುಗಳು ಓಡಾಡುವುವು. ನೀರಲಂಗರು ಎಲ್ಲಿ ಪ್ರಾಣವನ್ನು ಉಳಿಸುವುದು, ಎಲ್ಲಿ ಪ್ರಾಣಕ್ಕೇ ಎರವಾಗುವುದು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ಮೊದಲು ಅದರ ತತ್ತ್ವ. ನೀರು ಗಾಳಿಗಿಂತ ಸುಮಾರು 800 ಮಡಿ ಸಾಂದ್ರವಾದುದು. ಚಲಿಸುವ ವಸ್ತುವನ್ನು ಇವೆರಡೂ ತಡೆಯುವ ಬಲವು ವಸ್ತುವಿನ ಹರವಿಗೂ ವೇಗದ ವರ್ಗಕ್ಕೂ ತಕ್ಕಂತೆ ಹೆಚ್ಚುವುದು. 800ರ ವರ್ಗಮೂಲ 28ರ ಆಸುಪಾಸಿನಲ್ಲಿದೆ. ಆದುದರಿಂದ ಗಾಳಿಗೆ ಒಡ್ಡಿದ ದೋಣಿಯ ಮೈಯಷ್ಟೇ ಅಗಲದ ಬಾಯುಳ್ಳ ಚೀಲವನ್ನು ನೀರಿಗೆ ಬಿಟ್ಟರೆ, ಗಂಟೆಗೆ 40 ಕಿಲೋಮೀಟರು ವೇಗದ ಗಾಳಿಯೂ ಅದನ್ನು ಗಂಟೆಗೆ ಒಂದೂವರೆ ಕಿಲೋಮೀಟರಿಗಿಂತ ಬೇಗನೆ ಎಳೆದೊಯ್ಯಲಾರದು. ಇಷ್ಟೇ ಮುಖ್ಯವಾದುದು ಇನ್ನೊಂದುಂಟು. ಚೀಲವನ್ನು ಕಟ್ಟಿದ ಕಡೆಯು ಯಾವಾಗಲೂ ಗಾಳಿಗೂ ಅಲೆಗೂ ಎದುರಾಗಿ ತಿರುಗುವುದು. ಅಡ್ಡಲಾಗಿ ಬಂದ ಅಲೆಯು ದೋಣಿಯನ್ನು ಮಗುಚುವುದು. ಮೂತಿಗೆ ಬಂದ ಅಲೆಯನ್ನು ದೋಣಿಯು ಏರಿ ಇಳಿಯುವುದು.

ಇದನ್ನು ಪುಸ್ತಕದ ಮಾತೆಂದು ತಳ್ಳಿಬಿಡಲಾಗದು. ಕ್ಯಾಪ್ಟನ್ ವಾಸ್ ಎಂಬ ನಾವಿಕನು 1901ರಲ್ಲಿ ಕೆನಡಾ ದೇಶದ ವಿಕ್ಟೋರಿಯಾದಿಂದ ಹೊರಟು, ಆ ನಾಡಿನ ಮೂಲನಿವಾಸಿಗಳು ದೇವದಾರು ಜಾತಿಯ ಒಂದೇ ಮರವನ್ನು ತೋಡಿ ಮಾಡಿದ ‘ಟಿಲಿಕಂ’ ಎಂಬ ದೋಣಿಯಲ್ಲಿ ಸಾಗರಗಳನ್ನು ದಾಟಿ, 1904ರಲ್ಲಿ ಲಂಡನ್ನನ್ನು ಸೇರಿದನು. ಬಿರುಗಾಳಿಯಲ್ಲಿ ಅವನು ನೆಚ್ಚಿದ್ದು ನೀರಲಂಗರನ್ನೂ, ದೋಣಿಯ ಹಿಂಗಡೆ ಏರಿಸಿದ ಒಂದು ಪುಟ್ಟ ಹಾಯಿಯನ್ನೂ. ಕೂವೆಮರವು ಮುಂದಕ್ಕಿರುವ ದೋಣಿಗಳಲ್ಲಿ ಗಾಳಿಯು ಮೂತಿಯನ್ನು ಪಕ್ಕಕ್ಕೆ ತಳ್ಳುವುದರಿಂದ, ಹಿಂದಿನ ಹಾಯಿ ಅದನ್ನು ಸರಿದೂಗಿಸುವುದು. ಬರಿಯ ಚೀಲವನ್ನು ನಂಬಿ ಹಾಯಿಯನ್ನು ಮರೆತವರು ಚೀಲವನ್ನು ಹಳಿದಿರುವುದುಂಟು. ಆ ಹಳಿತದಲ್ಲಿ ನ್ಯಾಯವಿಲ್ಲ.

ಇನ್ನು ಮಾಡುವ ಕ್ರಮ. ಚೀಲದ ಬಾಯಿಯ ವ್ಯಾಸವು ದೋಣಿಯ ಉದ್ದದ ಹತ್ತರಲ್ಲೊಂದು ಪಾಲು ಇರಲೆಂಬುದು ಹಳಬರ ಎಣಿಕೆ. 15 ಅಡಿಯ ದೋಣಿಗೆ 18 ಅಂಗುಲವಾಯಿತು. ಗಟ್ಟಿಯಾದ ಕ್ಯಾನ್ವಾಸಿನ ಮೇಲೆ 27 ಅಂಗುಲದ ತ್ರಿಜ್ಯದಿಂದ ಒಂದು ವೃತ್ತವನ್ನು ಬರೆದು, ಅದನ್ನು ಮೂರು ಸಮಭಾಗ ಮಾಡಿ ಒಂದು ಭಾಗವನ್ನು ಕತ್ತರಿಸಿಕೊಳ್ಳಬೇಕು. ಹೊಲಿಗೆಗೆ ಒಂದು ಅಂಗುಲ ಹೆಚ್ಚು ಬಿಟ್ಟು, ಎರಡು ನೇರ ಅಂಚುಗಳನ್ನು ಕೂಡಿಸಿ ಹೊಲಿದರೆ, ಬಾಯಿ ಸರಿಯಾಗಿ 18 ಅಂಗುಲವಿರುವ ಶಂಕುವೊಂದು ಸಿದ್ಧವಾಗುವುದು. ರೇಖಾಗಣಿತವನ್ನು ಶಾಲೆಯಲ್ಲಿ ಶಪಿಸಿದವರು ಇಲ್ಲಿ ಅದರೊಡನೆ ರಾಜಿಯಾಗಬಹುದು. ಉಳಿದ ಎರಡು ಭಾಗಗಳಲ್ಲಿ ಇನ್ನೆರಡು ಚೀಲಗಳಾಗುವುವು; ಒಂದನ್ನು ದೋಣಿಯಲ್ಲೇ ಇಟ್ಟಿರುವುದು ಲೇಸು.

ಬಾಯಿಯ ಅಂಚನ್ನು ಮಡಿಸಿ, ಒಳಗೆ ಬಿದಿರಿನ ದಬ್ಬೆಯ ಬಳೆಯನ್ನಾಗಲಿ ಸೈಕಲ್ಲಿನ ಹಳೆಯ ಚಕ್ರದ ಬಳೆಯನ್ನಾಗಲಿ ಸೇರಿಸಿ ಹೊಲಿಯಬೇಕು. ಶಂಕುವಿನ ತುದಿಯನ್ನು ಮುಚ್ಚಕೂಡದು. ಎರಡು ಅಂಗುಲದಷ್ಟು ತೆರೆದಿರಬೇಕು. ಆ ರಂಧ್ರವಿಲ್ಲದಿದ್ದರೆ ಒಳಹೊಕ್ಕ ನೀರು ಬಾಯಿಯ ಅಂಚಿನಿಂದಲೇ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಉಕ್ಕಿ, ಚೀಲವು ಹುಚ್ಚು ಹಿಡಿದಂತೆ ಹೊಯ್ದಾಡುವುದು. ಬಳೆಯ ನಾಲ್ಕು ಕಡೆಗಳಿಂದ 27 ಅಂಗುಲದ ನಾಲ್ಕು ಹುರಿಗಳನ್ನು ತಂದು ಒಂದು ಉಂಗುರಕ್ಕೆ ಕಟ್ಟಬೇಕು. ನಾಲ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮವಾಗಿರಬೇಕು. ಬಳೆಯ ಕೆಳಭಾಗಕ್ಕೆ ಅಂಗೈಯಗಲದ ಒಂದು ಕಲ್ಲನ್ನು ಬಿಗಿದರೆ ಚೀಲವು ನೀರಿನ ಮೇಲೆ ಹಾರದೆ ಒಳಗೆ ಕೂರುವುದು. ಉಂಗುರಕ್ಕೆ ಮುಖ್ಯ ಹಗ್ಗ. ಚೀಲದ ಬಾಲಕ್ಕೆ ಇನ್ನೊಂದು ತೆಳುವಾದ ಹಗ್ಗ. ಬಾಲದ ಹಗ್ಗವನ್ನು ಎಳೆದರೆ ಚೀಲವು ಹಿಂದುಮುಂದಾಗಿ, ನೀರನ್ನು ಚೆಲ್ಲಿ, ಸುಲಭವಾಗಿ ಕೈಗೆ ಬರುವುದು. ಈ ಹಗ್ಗಕ್ಕೆ ನಾರಿನ ಹುರಿ ಒಳ್ಳೆಯದು, ಏಕೆಂದರೆ ಅದು ತೇಲುವುದು. ಮುಖ್ಯ ಹಗ್ಗಕ್ಕೆ ನೈಲಾನು ಲೇಸು, ಏಕೆಂದರೆ ಅದು ಸ್ವಲ್ಪ ಹಿಗ್ಗಿ ಅಲೆಯ ಹೊಡೆತವನ್ನು ನುಂಗಿಕೊಳ್ಳುವುದು.

ಈ ಚೀಲದ ಬಲವನ್ನು ಅಲ್ಪವೆಂದು ಎಣಿಸಬಾರದು. ಸೆಕೆಂಡಿಗೆ ಒಂದು ಮೀಟರಿನಂತೆ ಎಳೆದರೆ ಸುಮಾರು ಹತ್ತು ಕಿಲೋ ಭಾರದಷ್ಟು ತಡೆಯುವುದು; ವೇಗ ಇಮ್ಮಡಿಸಿದರೆ ತಡೆ ನಾಲ್ಕು ಮಡಿಯಾಗಿ ನಲವತ್ತು ಕಿಲೋ ಆಗುವುದು. ಹಗ್ಗವು ದೋಣಿಯ ಅಂಚಿಗೆ ಉಜ್ಜುವ ಕಡೆ ಹಳೆಯ ಬಟ್ಟೆಯನ್ನು ಸುತ್ತದಿದ್ದರೆ, ನಡುರಾತ್ರಿಯಲ್ಲಿ ಅದು ಸವೆದು ಹರಿಯುವುದು.

ಹರಿಗೋಲಿನ ವಿಚಾರಕ್ಕೆ ಬರೋಣ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜರ ಡೊಮಿಂಗೊ ಪಾಯೆಸನು, ಅಲ್ಲಿ ಹೊಳೆ ದಾಟಿಸುತ್ತಿದ್ದ, ತೊಗಲು ಹೊದಿಸಿದ ಬುಟ್ಟಿಯಂಥ ದೋಣಿಗಳು ಸದಾ ಸುತ್ತುತ್ತಲೇ ಸಾಗುವುವೆಂದು ಬರೆದಿರುವನು. ಐನೂರು ವರ್ಷಗಳಾದರೂ ಆ ಗುಣ ಹೋಗಿಲ್ಲ. ದುಂಡಗಿನದಕ್ಕೆ ಮುಂದೇನು, ಹಿಂದೇನು? ಒಂದು ಅಡಿ ಬಾಯಿಯ ನೀರಲಂಗರನ್ನು ಅಂಚಿನ ಒಂದು ಕಡೆಗೆ ಕಟ್ಟಿದೊಡನೆ ಹರಿಗೋಲಿಗೆ ಮೂತಿಯೊಂದು ಹುಟ್ಟುವುದು. ಹಿನ್ನೀರಿನ ನಿಂತ ಜಲದಲ್ಲಿ, ಆಷಾಢದ ಪಡುವಣ ಗಾಳಿಗೆ ಹರಿಗೋಲು ದಡ ಬಿಟ್ಟು ತೇಲಿಹೋಗುವಾಗ, ಇದು ಸುತ್ತುವುದನ್ನು ನಿಲ್ಲಿಸಿ, ಅಂಬಿಗನಿಗೆ ಉಸಿರಾಡಲು ಸಮಯವನ್ನು ಕೊಡುವುದು. ಸಿಮೆಂಟಿನ ಹಳೆಯ ನೇಯ್ಗೆಚೀಲವನ್ನು ಬಳೆಗೆ ಹೊಲಿದು, ತಳದ ಎರಡು ಮೂಲೆಗಳನ್ನು ಚೂರು ಕತ್ತರಿಸಿದರೂ ಈ ಕೆಲಸಕ್ಕೆ ಸಾಕು. ತೇಲುಬುರುಡೆಗೆ ಒಣಗಿದ ಸೋರೆಯ ಕಾಯಿ ಇದ್ದೇ ಇದೆ.

ಆದರೆ ಹರಿಯುವ ಹೊಳೆಯ ಮಾತೇ ಬೇರೆ. ನೀರಲಂಗರು ಹಿಡಿಯುವುದು ನೀರನ್ನು. ನೀರೇ ಓಡುತ್ತಿದ್ದರೆ ಲಂಗರೂ ಅದರೊಡನೆ ಓಡುವುದು. ನಂಜನಗೂಡಿನ ಸೋಪಾನದಲ್ಲಿ ನಿಂತು ನೋಡುವವನಿಗೆ ಹರಿಗೋಲೂ ಚೀಲವೂ ಜೊತೆಯಾಗಿ, ಒಂದನ್ನೊಂದು ಎಳೆಯದೆ, ಸೇತುವೆಯ ಕಂಬಗಳ ಕಡೆಗೆ ತೇಲಿಹೋಗುವುದು ಕಾಣುವುದು. 2019ರ ಆಗಸ್ಟಿನಲ್ಲಿ ಕಪಿಲೆಯು ಉಕ್ಕಿ ಮೈಸೂರು–ನಂಜನಗೂಡು ಹೆದ್ದಾರಿಯ ಮೇಲೆಯೇ ಹರಿದಳು; ಅಂಥ ನೀರಿನಲ್ಲಿ ಯಾವ ಚೀಲವೂ ಯಾರನ್ನೂ ನಿಲ್ಲಿಸಲಾರದು. ಇದಕ್ಕಿಂತ ಘೋರವಾದುದು, ಚೀಲವು ಮುಳುಗಿದ ಮರದ ಬೊಡ್ಡೆಗೆ ಸಿಕ್ಕಿಕೊಳ್ಳುವುದು. ಆಗ ನೀರಲಂಗರು ನೆಲದ ಲಂಗರಾಗಿ, ಹಗ್ಗವು ಹರಿಗೋಲಿನ ತಗ್ಗಾದ ಅಂಚನ್ನು ಕೆಳಕ್ಕೆ ಜಗ್ಗಿ, ಪ್ರವಾಹವು ಒಳನುಗ್ಗಲು ಒಂದು ಗಳಿಗೆಯೂ ಬೇಕಾಗದು. ಆದುದರಿಂದ ಎಳೆದೊಡನೆ ಬಿಚ್ಚಿಕೊಳ್ಳುವ ಗಂಟನ್ನೇ ಹಾಕಬೇಕು. ಚೂರಿಯೊಂದು ಕೈಗೆಟುಕುವಂತೆ ಇರಬೇಕು.

ನರಸೀಪುರದ ಸಂಗಮದಲ್ಲಿ ಇನ್ನೊಂದು ತೊಡಕು. ಕಾವೇರಿಯ ನೀರು ಕನ್ನಂಬಾಡಿಯ ಕಟ್ಟೆಯಿಂದ, ಕಪಿಲೆಯ ನೀರು ಕಬಿನಿಯ ಕಟ್ಟೆಯಿಂದ ಬಿಟ್ಟಷ್ಟು ಬರುವುದರಿಂದ, ಎರಡರ ವೇಗವೂ ದಿನಕ್ಕೊಂದು ಬಗೆ. ಹರಿಗೋಲು ಮಂದವಾದ ಹೊಳೆಯಲ್ಲಿದ್ದು ಚೀಲವು ಚುರುಕಾದ ಹೊಳೆಗೆ ಬಿದ್ದರೆ, ತಡೆಯಬೇಕಾದ ಚೀಲವೇ ಕುದುರೆಯಾಗಿ ದೋಣಿಯನ್ನು ಎಳೆದೊಯ್ಯುವುದು.

ಈ ಕುದುರೆಯನ್ನು ಬೇಕೆಂದೇ ಹೂಡಿದವರೂ ಉಂಟು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ ಚರಿತ್ರಕಾರ ಹೆರೊಡೊಟಸನು ನೈಲ್ ನದಿಯ ದೋಣಿಗಳನ್ನು ವರ್ಣಿಸುತ್ತ, ಹೊಳೆಯ ಜೊತೆಗೆ ಕೆಳಗಿಳಿಯುವಾಗ ಅವುಗಳ ಮುಂದೆ ಜೊಂಡಿನ ಚಾಪೆ ಹೊಲಿದ ಒಂದು ಕಟ್ಟಿಗೆಯ ತೆಪ್ಪವನ್ನು ತೇಲಬಿಟ್ಟು, ಹಿಂದೆ ಸುಮಾರು 50 ಕಿಲೋ ತೂಕದ ತೂತುಕಲ್ಲನ್ನು ತಳದಲ್ಲಿ ಎಳೆದುಕೊಂಡು ಬರುತ್ತಿದ್ದರೆಂದು ಹೇಳಿರುವನು. ತೆಪ್ಪವು ಹೊಳೆಯನ್ನು ಹಿಡಿದು ಮುಂದಕ್ಕೆ ಜಗ್ಗುವುದು. ಕಲ್ಲು ನೆಲವನ್ನು ಸವರಿ ದಾರಿಯನ್ನು ನೇರವಾಗಿಡುವುದು. ನೀರಲಂಗರೂ ನೆಲದ ಲಂಗರೂ ಒಂದೇ ದೋಣಿಯಲ್ಲಿ, ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸದೆ! ಬಾಬಿಲೋನಿನ ದುಂಡಗಿನ ತೊಗಲುದೋಣಿಗಳ ವರ್ಣನೆಯೂ ಅದೇ ಗ್ರಂಥದಲ್ಲಿದೆ. ನಮ್ಮ ಅಂಬಿಗರು ಅದನ್ನು ಕೇಳಿದರೆ ನೆಂಟರ ಸುದ್ದಿಯೆಂದೇ ಭಾವಿಸಿಯಾರು.

ಚೀಲವನ್ನು ಹೊಲಿದವರು ಮೊದಲ ಸಲ ಅದನ್ನು ಗಾಳಿಯಿಲ್ಲದ ದಿನ, ಸೊಂಟದುದ್ದದ ನಿಂತ ನೀರಿನಲ್ಲಿ ಕೈಯಿಂದಲೇ ಎಳೆದು ನೋಡಲಿ. ನೆಟ್ಟಗೆ ಬಂದರೆ ಸರಿ. ಒಂದು ಕಡೆಗೆ ವಾಲಿದರೆ ನಾಲ್ಕು ಹುರಿಗಳಲ್ಲಿ ಯಾವುದೋ ಒಂದು ಗಿಡ್ಡವಾಗಿದೆಯೆಂದು ತಿಳಿದು ಬಿಚ್ಚಿ ಕಟ್ಟಬೇಕು. ಕೆಲಸ ಮುಗಿದ ಮೇಲೆ ನೆರಳಿನಲ್ಲಿ ಒಣಗಿಸಿ, ಹಗ್ಗ ತೊಡಕಾಗದಂತೆ ಚೀಲದೊಳಗೇ ಸುತ್ತಿಟ್ಟು, ದೋಣಿಯಲ್ಲಿ ಎಲ್ಲಕ್ಕಿಂತ ಮೇಲೆ ಇಡತಕ್ಕದ್ದು.